ಅಕ್ಕನ ದನಿಗೆ ಎರಡು ಮನೆ

ಮನೆಯಲ್ಲಿ ಎಲ್ಲರೂ ಅವಳನ್ನು ಚಿಲಕ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಅಕ್ಕ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದಾಗ, ದೀಪ ಆರಿದ ಮೇಲೆ ತಂಗಿ ಮೆಲ್ಲಗೆ ಎದ್ದು ಹೋಗಿ ಬಾಗಿಲಿನ ಚಿಲಕ ಮುಟ್ಟಿ ನೋಡಿ ಬರುತ್ತಿದ್ದಳು. ಬಂದು ಹೊದ್ದು ಮಲಗಿದವಳು ಮತ್ತೆ ಏಳುತ್ತಿದ್ದಳು. ಆ ಚಿಲಕಕ್ಕೇ ಬೇಜಾರಾಗಿ ಒಂದು ದಿನ ಕಳಚಿ ಬೀಳುತ್ತದೆ ನೋಡು ಎಂದು ಅಕ್ಕ ಹೊದಿಕೆಯೊಳಗಿಂದ ಗೊಣಗುತ್ತಿದ್ದಳು. ದೊಡ್ಡವಳಾದ ಮೇಲೂ ಅಭ್ಯಾಸ ಹೋಗಲಿಲ್ಲ. ಕಾಲೇಜು ಓದಿ, ಕಂಪ್ಯೂಟರ್ ಕಲಿತು, ಕೆಲಸಕ್ಕೆ ಸೇರಿದ ಮೇಲೆ ಆ ಅಭ್ಯಾಸಕ್ಕೆ ಸಂಬಳವೂ ಬರತೊಡಗಿತು, ಅಷ್ಟೇ ವ್ಯತ್ಯಾಸ.

ಅವಳು ಕೆಲಸ ಮಾಡುತ್ತಿದ್ದದ್ದು ದನಿ ಕಳೆದುಕೊಳ್ಳಲಿರುವವರಿಗಾಗಿಯೇ ಇದ್ದ ಒಂದು ಚಿಕಿತ್ಸಾಲಯದಲ್ಲಿ. ಕೆಳಗೆ ಕನ್ನಡಕದ ಅಂಗಡಿ, ಮೇಲಿನ ಮಹಡಿಯಲ್ಲಿ ಉದ್ದನೆಯ ಹಜಾರ, ಹಜಾರದ ಕೊನೆಗೆ ಗೋಡೆಗೆಲ್ಲ ಮೆತ್ತೆ ಹೊಡೆದ, ಕಿಟಕಿಯಿಲ್ಲದ ಪುಟ್ಟ ಕೋಣೆ. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚೆ ಜನ ಅಲ್ಲಿಗೆ ಬಂದು, ಮೈಕಿನ ಮುಂದೆ ಕೂತು, ಅಚ್ಚು ಹಾಕಿಟ್ಟ ವಾಕ್ಯಗಳನ್ನು ಓದಿ ಹೋಗುತ್ತಿದ್ದರು. ಆ ಧ್ವನಿಮುದ್ರಣದಿಂದ ಸರ್ವರು ಅವರದೇ ದನಿಯನ್ನು ಕಟ್ಟುತ್ತಿತ್ತು. ಮುಂದೆ ಅವರು ಟ್ಯಾಬಿನ ಮೇಲೆ ಬೆರಳಾಡಿಸಿ ಬರೆದದ್ದನ್ನು ಆ ದನಿ ಆಡಿ ತೋರಿಸುತ್ತಿತ್ತು. ಗಂಟಲು ಹೋದ ಗಂಡಸೊಬ್ಬ ತನ್ನದೇ ದನಿಯಲ್ಲಿ ಹೆಂಡತಿಯನ್ನು ಕೂಗಿ ಕರೆಯುವುದನ್ನು ಎಷ್ಟು ಸಲ ಕಂಡಿದ್ದರೂ ಚಿಲಕಳಿಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

ಮೊದಲು ಈ ದನಿಗಳೆಲ್ಲ ಹಿಂದಿನ ಕೋಣೆಯ ಒಂದೇ ಕಂಪ್ಯೂಟರಿನಲ್ಲಿದ್ದವು. ಒಂದು ಬೆಳಿಗ್ಗೆ ಮೇಲಿನ ಮನೆಯವರ ಬಚ್ಚಲಿನ ಪೈಪು ಒಡೆದು, ಚಾವಣಿಯಿಂದ ತೊಟತೊಟನೆ ನೀರಿಳಿಯಿತು. ಕಂಪ್ಯೂಟರಿಗೆ ಅಂಟಿದಂತೆ ನಿಂತು ಚಿಲಕ ತನ್ನ ಕೊಡೆ ಹಿಡಿದಳು. ಪ್ಲಂಬರು ಬರುವವರೆಗೂ ಹಿಡಿದೇ ಇದ್ದಳು. ಊರಿನ ಎಷ್ಟೋ ಗಂಟಲುಗಳು ತನ್ನ ಒಂದು ಕೊಡೆಯ ಕೆಳಗಿವೆ ಎಂಬ ಯೋಚನೆ ಅವಳ ತಲೆ ಹೊಕ್ಕದ್ದು ಆಗ. ಸರ್ವರು, ಡಿಸ್ಕು ಎಲ್ಲವನ್ನೂ ಕ್ಲೌಡಿಗೆ ಸಾಗಿಸೋಣ ಎಂದು ಡಾಕ್ಟರಮ್ಮ ಆ ವಾರವೇ ತೀರ್ಮಾನಿಸಿದರು. ಚಿಕಿತ್ಸಾಲಯ ಕಟ್ಟಿದವರೇ ಅವರು. ಯಾವ ಬಗೆಯ ಬ್ಯಾಕಪ್ಪು, ಎಷ್ಟು ಕಡೆ ಪ್ರತಿ ಎಂಬುದನ್ನೆಲ್ಲ ಆರಿಸುವ ಕೆಲಸ ಚಿಲಕಳ ಪಾಲಿಗೆ ಬಂತು.

ಕ್ಲೌಡ್ ಎಂದರೆ ಮೋಡವಲ್ಲ, ಎಲ್ಲೋ ಇರುವ ಭಾರೀ ಕಟ್ಟಡಗಳು, ಅವುಗಳ ತುಂಬ ಸರ್ವರುಗಳು ಎಂಬುದು ಅವಳಿಗೆ ಗೊತ್ತಿದ್ದದ್ದೇ. ಆದರೂ ಆಯ್ಕೆಗಳ ಪುಟ ತೆರೆದು ಓದತೊಡಗಿದಾಗ ಕೈಯಲ್ಲಿದ್ದ ಕಾಫಿ ಹಾಗೇ ತಣ್ಣಗಾಯಿತು. ಆ ಪುಟ ಅವಳನ್ನು ಪ್ರಶ್ನೆ ಕೇಳುತ್ತಿತ್ತು. ಒಂದು ಡಿಸ್ಕ್ ಕೆಟ್ಟರೆ ಏನು ಮಾಡುವಿರಿ? ಅದರ ಚಿಂತೆ ಬೇಡ, ಒಂದೇ ಕಟ್ಟಡದೊಳಗೇ ನಿಮ್ಮ ಅಕ್ಷರ ಹಲವು ಕಡೆ ಬರೆದಾಗಿರುತ್ತದೆ. ಕಟ್ಟಡಕ್ಕೇ ಬೆಂಕಿ ಬಿದ್ದರೆ? ಅದೇ ಊರಿನ ಇನ್ನೊಂದು ಕಟ್ಟಡವನ್ನು ಆರಿಸಿಕೊಳ್ಳಿ. ಅದರ ಕರೆಂಟು ಬೇರೆ, ತಂಪು ಮಾಡುವ ಯಂತ್ರ ಬೇರೆ, ಇಲ್ಲಿಯ ಬೆಂಕಿಯ ಬಿಸಿ ಅಲ್ಲಿಗೆ ತಾಗುವುದಿಲ್ಲ, ಇದು ನಿಂತರೆ ಕೆಲಸವನ್ನು ಅದೇ ವಹಿಸಿಕೊಳ್ಳುತ್ತದೆ. ಊರಿಗೆ ಊರೇ ಮುಳುಗಿದರೆ? ಬೇರೆ ಊರನ್ನೇ ಆರಿಸಿ. ಎಷ್ಟು ಹೊತ್ತಿನ ಕೆಲಸ ಹೋದರೆ ತಡೆದುಕೊಳ್ಳಬಲ್ಲಿರಿ? ಎಲ್ಲ ಮರಳಿ ಬರುವ ತನಕ ಎಷ್ಟು ಹೊತ್ತು ಕಾಯಬಲ್ಲಿರಿ?

ಚಿಲಕ ಕುರ್ಚಿಗೆ ಒರಗಿದಳು. ಗ್ಯಾಸ್ ಆಫ್ ಮಾಡಿದೆನಾ, ನಲ್ಲಿ ತಿರುಗಿಸಿದೆನಾ, ಬಸ್ಸಿಗೆ ಬೆಂಕಿ ಬಿದ್ದರೆ ಯಾವ ಕಿಟಕಿಯಿಂದ ಹಾರಬೇಕು ಎಂದು ತಾನು ಕೇಳಿದಾಗಲೆಲ್ಲ ಮಂದಿ ಮೂಗು ಮುರಿದಿದ್ದರು. ಇಲ್ಲಿ ನೋಡಿದರೆ, ಎಂದೂ ಕಾಣದ ಯಾರೋ ಅದೇ ಪ್ರಶ್ನೆಗಳನ್ನು ಗಂಭೀರವಾಗಿ ಕೂತು ಕೇಳಿಕೊಂಡು, ಒಂದೊಂದಕ್ಕೂ ಒಂದೊಂದು ಕಟ್ಟಡ ಕಟ್ಟಿಟ್ಟಿದ್ದರು. ಭೂಮಿಯ ಮೇಲೆ ತನ್ನಂಥ ಚಿಲಕಗಳು ಇಷ್ಟೊಂದು ಇವೆಯೇ! ಓದಿದ್ದನ್ನೇ ಮತ್ತೆ ಓದಿದಳು. ಒಂದು ಕಟ್ಟಡದಲ್ಲಿ ಬರೆದ ಅಕ್ಷರ ಆ ಕ್ಷಣವೇ ಇನ್ನೊಂದರಲ್ಲೂ ಬರೆದಾಗುತ್ತದೆ. ಎರಡು ಕಟ್ಟಡಗಳೂ ಆಯಿತು ಎಂದ ಮೇಲೆಯೇ ಪರದೆ ನಿಮಗೆ ಆಯಿತು ಎನ್ನುತ್ತದೆ. ಅವಳು ಕಣ್ಣು ಮಿಟುಕಿಸಿ ನೋಡಿದಳು. ಅಷ್ಟರೊಳಗೆ ಒಂದು ದನಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ಕೂತು, ತಲುಪಿದೆ ಎಂದು ಹೇಳಿ ಕಳಿಸಿಯೂ ಆಗಿರುತ್ತದೆ.

ಆದರೆ ಪುಟದ ಅಪಾಯಗಳಲ್ಲಿ ಒಂದು ಅವಳ ಕಣ್ಣಿಗೆ ಬೀಳಲಿಲ್ಲ. ಬೆಂಕಿ ಇತ್ತು, ನೆರೆ ಇತ್ತು, ಕರೆಂಟು ಹೋಗುವುದಿತ್ತು. ನಮ್ಮದೇ ಕೈ ತಪ್ಪಿದರೆ? ಬಹಳ ಕೆಳಗೆ, ಬೇರೊಂದು ವಿಷಯದ ನಡುವೆ ಉತ್ತರ ಸಿಕ್ಕಿತು. ಇಲ್ಲಿ ಅಳಿಸಿದ್ದು ಅಲ್ಲಿಯೂ ಆ ಕ್ಷಣವೇ ಅಳಿಯುತ್ತದೆ. ಅದನ್ನು ತಡೆಯಬೇಕೆಂದರೆ ಸ್ನ್ಯಾಪ್‌ಶಾಟ್ ಎಂಬುದು ಬೇರೆಯೇ ಇದೆ. ಡಿಸ್ಕು ಒಂದು ದಿನ ಹೇಗಿತ್ತೋ ಹಾಗೆ ತೆಗೆದಿಟ್ಟ ಚಿತ್ರ ಅದು.

ಎರಡಕ್ಕೂ ಸಾಲುವಷ್ಟು ದುಡ್ಡು ಚಿಕಿತ್ಸಾಲಯಕ್ಕೆ ಇರಲಿಲ್ಲ. ದೂರದ ಬೇರೆ ಊರು ಬೇಕೆಂದರೆ ಸ್ನ್ಯಾಪ್‌ಶಾಟ್ ಬಿಡಬೇಕು. ಸ್ನ್ಯಾಪ್‌ಶಾಟ್ ಬೇಕೆಂದರೆ ಒಂದೇ ಊರಿನ ಎರಡು ಕಟ್ಟಡಕ್ಕೆ ತೃಪ್ತಿಪಡಬೇಕು. ಡಾಕ್ಟರಮ್ಮನಿಗೆ ದೂರದ ಊರೇ ಇಷ್ಟವಾಗಿತ್ತು. ಪೈಪು ಒಡೆದಾಗಿನಿಂದ ಅವರಿಗೆ ನೀರೆಂದರೆ ದಿಗಿಲು. ಎರಡು ಊರಿನಲ್ಲಿ ಎರಡು ಪ್ರತಿ ಇದ್ದ ಮೇಲೆ ಇನ್ನೇನು ಬೇಕು ಎಂದು ಅವರ ವಾದ.

“ಅದು ಪ್ರತಿ ಅಲ್ಲ ಮೇಡಂ, ಕನ್ನಡಿ” ಎಂದಳು ಚಿಲಕ. “ನಾವು ಮುಖಕ್ಕೆ ಮಸಿ ಬಳ್ಕೊಂಡ್ರೆ ಕನ್ನಡೀಲೂ ಮಸಿನೇ. ಕನ್ನಡಿ ಎಷ್ಟು ದೂರ ಇಟ್ರೂ ಅಷ್ಟೇ. ನಿನ್ನೆ ಮುಖ ಬೇಕು ಅಂದ್ರೆ ಫೋಟೋ ತೆಗೆದಿಟ್ಟಿರ್ಬೇಕು.”

“ಊರೇ ಹೋದ್ರೆ? ಆಗ ನಿನ್ನನ್ನೇ ಕೇಳ್ತೀನಿ.”

“ಊರೇ ಹೋದ್ಮೇಲೆ ಕೇಳೋದಕ್ಕೆ ನೀವೆಲ್ಲಿರ್ತೀರ ಮೇಡಂ” ಎಂದ ಪಕ್ಕದ ಮೇಜಿನ ಕತ್ತರಿ. ಧ್ವನಿಮುದ್ರಣ ನೋಡಿಕೊಳ್ಳುವವನು ಅವನು. ಓದುವವರ ಕೆಮ್ಮು, ಕುರ್ಚಿಯ ಕಿರ್ರು, ಹಾಳೆ ಮಗುಚುವ ಸದ್ದು ಎಲ್ಲವನ್ನೂ ಕತ್ತರಿಸಿ ಬಿಸಾಡುತ್ತಿದ್ದುದರಿಂದ ಅವನಿಗೆ ಆ ಹೆಸರು ಬಂದಿತ್ತು. ಡಾಕ್ಟರಮ್ಮ ನಕ್ಕುಬಿಟ್ಟರು. ನಕ್ಕ ಮೇಲೆ ಅವರ ಪಟ್ಟು ಸಡಿಲವಾಯಿತು. ಚಿಲಕ ಎರಡು ಕಟ್ಟಡಗಳ ಕನ್ನಡಿಯನ್ನು ಆರಿಸಿದಳು. ದಿನಕ್ಕೊಂದು ಫೋಟೋ, ಒಂದೊಂದನ್ನೂ ತಿಂಗಳ ಕಾಲ ಇಟ್ಟಿರಬೇಕು, ಅಷ್ಟರವರೆಗೆ ಯಾರೂ, ತಾನು ಕೂಡ, ಅಳಿಸಲಾಗದಂತೆ ಬೀಗ ಬಿದ್ದಿರಬೇಕು ಎಂದು ಗುರುತು ಹಾಕಿದಳು. ದೂರದ ಊರಿನ ಮುಂದಿದ್ದ ಗುರುತನ್ನು ತೆಗೆಯುವಾಗ ಮಾತ್ರ ಬೆರಳು ತಡೆಯಿತು. ಆಮೇಲೆ ಎಷ್ಟೋ ದಿನ, ಮಳೆ ಜೋರಾದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ದನಿ ಒಡೆಯತೊಡಗಿತು.

ಅಕ್ಕ ಈಜು ಕಲಿಸುವವಳು. ಮಕ್ಕಳಿಗಲ್ಲ, ನೀರೆಂದರೆ ನಡುಗುವ ದೊಡ್ಡವರಿಗೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಕಣ್ಣು ಮುಚ್ಚಿಕೊಳ್ಳುವ ವಕೀಲರು, ಕಂಬಿ ಹಿಡಿದುಕೊಂಡು ಬಿಡದ ಬ್ಯಾಂಕ್ ಮ್ಯಾನೇಜರು, ಅಂಥವರೇ ಅವಳ ಶಿಷ್ಯರು. ಅವಳ ಬಂಡವಾಳವೆಂದರೆ ದನಿ. ಸ್ವಲ್ಪ ಒರಟು, ಅರ್ಧ ವಾಕ್ಯದಲ್ಲೇ ನಗು ನುಗ್ಗಿ ಬರುವ ದನಿ. ಆಚೆ ದಡದಲ್ಲಿ ನಿಂತು ಬೈದರೆ ಈಚೆ ದಡದವರು ತಮಗೇ ಗೊತ್ತಿಲ್ಲದೆ ಕಾಲು ಬಡಿಯುತ್ತಿದ್ದರು. ಊರಿಗೆಲ್ಲ ಈಜು ಕಲಿಸಿದವಳಿಗೆ ಒಬ್ಬಳೇ ಒಬ್ಬಳು ದಕ್ಕಿರಲಿಲ್ಲ. ತಂಗಿ ಇಂದಿಗೂ ದಡದ ಬೆಂಚು ಬಿಟ್ಟು ಇಳಿದವಳಲ್ಲ.

ಬಾಯಿ ಮುಕ್ಕಳಿಸಿದ್ದಾಯಿತು, ಮಾತ್ರೆ ನುಂಗಿದ್ದಾಯಿತು, ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಗಂಟಲೊಳಗೆ ದೀಪ ಬಿಟ್ಟು ನೋಡಿದರು. ಗಡ್ಡೆ ಇತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲ, ಆಮೇಲೆ ಕತ್ತಿನಲ್ಲಿ ಮಾಡುವ ರಂಧ್ರದಿಂದ ಉಸಿರಾಡಬೇಕು, ನೀರಿಗೆ ಇಳಿಯುವಂತಿಲ್ಲ ಎಂದರು. ಭಾವನ ಕಾಲ ಕೆಳಗಿನ ನೆಲವೇ ಕುಸಿಯಿತು. ಅಕ್ಕ ಮಾತ್ರ ನೇರವಾಗಿ ಕೊಳದ ಮೇಲ್ವಿಚಾರಕನ ಬಳಿ ಹೋಗಿ, ನೀರಿಗೆ ಇಳಿಯದೆ ದಡದಿಂದಲೇ ಕಲಿಸಿದರೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿ ಬಂದಳು. ಅವನೂ ಒಳ್ಳೆಯವನೇ. ನಿಮ್ಮ ಮಾತು ನೀರಿನಲ್ಲಿರುವವರಿಗೆ ಕೇಳಬೇಕು, ಕೇಳಿದವರು ಹೇಳಿದಂತೆ ಮಾಡಬೇಕು, ಅಷ್ಟಿದ್ದರೆ ಸಾಕು ಎಂದಿದ್ದ. ಆ ಒಂದು ಮಾತನ್ನು ಹಿಡಿದುಕೊಂಡೇ ಅಕ್ಕ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದು.

ಹೀಗಾಗಿ ಮೆತ್ತೆ ಗೋಡೆಯ ಕೋಣೆಗೆ ಅಕ್ಕನೇ ಬಂದು ಕೂತಳು. ಬಂದ ದಿನವೇ ತಂಗಿಯ ಅಡ್ಡಹೆಸರನ್ನು ಕಚೇರಿಯಲ್ಲೆಲ್ಲ ಹಂಚಿದಳು. ಒಳಗೆ ಅವಳಿಂದ ವಾಕ್ಯ ಓದಿಸುವುದೆಂದರೆ ಕತ್ತರಿಗೆ ಸಾಕುಸಾಕಾಗುತ್ತಿತ್ತು. ಕಿಟಕಿಯ ಪರದೆ ನೀಲಿ ಬಣ್ಣದ್ದಾಗಿದೆ ಎಂದು ಹಾಳೆಯಲ್ಲಿದ್ದರೆ, “ಈ ರೂಮಿಗೆ ಕಿಟಕಿನೇ ಇಲ್ಲ, ಪರದೆ ಎಲ್ಲಿಂದ ತರ್ಲಿ?” ಎಂದು ಅವಳು ಮೈಕಿಗೇ ಜಗಳ ತೆಗೆಯುತ್ತಿದ್ದಳು. ದಯವಿಟ್ಟು ಒಂದು ಲೋಟ ನೀರು ಕೊಡಿ ಎಂಬಲ್ಲಿ, ನೀರಲ್ಲೇ ಇರುವವಳು ನಾನು, ಯಾರ ಹತ್ತಿರವೂ ದಯವಿಟ್ಟು ಅಂದವಳಲ್ಲ ಎಂದು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಬ್ಯಾಂಕ್ ಮ್ಯಾನೇಜರನ್ನು ಎದುರಿಗೆ ಕೂರಿಸಿಕೊಂಡವಳಂತೆ ಇಡೀ ಪಾಠ ಹೇಳಿದ್ದೂ ಉಂಟು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಡಾಕ್ಟರಮ್ಮನೇ ಬಂದು ಪಕ್ಕದಲ್ಲಿ ಕೂತು ಗದರಿದರು. ಅವತ್ತು ಗಂಟಲು ನೋಯುತ್ತಲೂ ಇತ್ತು. ಅಕ್ಕ ತಲೆ ಬಗ್ಗಿಸಿ, ಹಾಳೆಯಲ್ಲಿದ್ದುದನ್ನು ಇದ್ದಂತೆ, ಶಾಲೆಯ ಹುಡುಗಿಯ ಹಾಗೆ ಓದಿ ಮುಗಿಸಿದಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಕೆಲವು ದಿನಗಳಲ್ಲಿ ಅಕ್ಕ ದಿಂಬಿಗೆ ಒರಗಿ ಕೂರುವಂತಾದಳು. ಚಿಲಕ ಟ್ಯಾಬನ್ನು ಅವಳ ತೊಡೆಯ ಮೇಲಿಟ್ಟು, ಭಾವನ ಜೊತೆ ಮಂಚದ ಪಕ್ಕ ನಿಂತಳು. ದನಿ ಕಟ್ಟಿ ಮುಗಿದಿದೆ, ಎಲ್ಲ ಸರಿಯಾಗಿದೆ ಎಂದು ಕತ್ತರಿ ಕಳಿಸಿದ್ದ. ಅಕ್ಕ ಒಂದು ಬೆರಳಿನಿಂದ ನಿಧಾನಕ್ಕೆ ಬರೆದಳು: ಚಿಲಕ, ಬಾಗಿಲು ಹಾಕಿದ್ಯಾ?

ಟ್ಯಾಬ್ ಮಾತಾಡಿತು. ಸ್ಪಷ್ಟವಾದ, ನಯವಾದ, ಯಾವ ತಪ್ಪೂ ಹುಡುಕಲಾಗದ ದನಿ. ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಹೇಳುವ ಹೆಂಗಸಿನ ಹಾಗಿತ್ತು. ಸ್ವರ ಅಕ್ಕನದೇ ಹೌದು, ಆದರೆ ಆ ಸ್ವರದೊಳಗೆ ಅಕ್ಕ ಇರಲಿಲ್ಲ. ಅಕ್ಕನ ಹುಬ್ಬು ಗಂಟಾಯಿತು. ಮತ್ತೆ ಬರೆದಳು.

“ಇದು ಯಾರು?” ಎಂದು ಆ ದನಿಯೇ ಕೇಳಿತು.

ಬರಬರುತ್ತ ಒಗ್ಗಿಹೋಗುತ್ತದೆ ಎಂದು ಭಾವ ಸಮಾಧಾನ ಹೇಳಹೋದ. ಅಕ್ಕ ಟ್ಯಾಬನ್ನು ಮಗುಚಿಟ್ಟು ಗೋಡೆಯ ಕಡೆ ಹೊರಳಿದಳು. ಮರುದಿನ ಚಿಲಕ ಹೋದಾಗಲೂ ಅದು ಮಗುಚಿದಂತೆಯೇ ಇತ್ತು. ಕೊಳದ ಮೇಲ್ವಿಚಾರಕನಿಗೆ ಇನ್ನು ಬರುವುದಿಲ್ಲ ಎಂದು ತಿಳಿಸಿಬಿಡು ಎಂದು ಅಕ್ಕ ಗಂಡನಿಗೆ ಕೈಸನ್ನೆಯಲ್ಲಿ ಹೇಳಿದ್ದಳಂತೆ. ಈ ದನಿಗೆ ಮ್ಯಾನೇಜರು ಕಂಬಿ ಬಿಡುವುದು ಹೋಗಲಿ, ತಲೆ ಎತ್ತಿಯೂ ನೋಡುವುದಿಲ್ಲ ಎಂಬುದು ಅವಳಿಗೆ ಕೇಳಿದ ಕೂಡಲೇ ತಿಳಿದುಹೋಗಿತ್ತು.

ಚಿಲಕ ಆಸ್ಪತ್ರೆಯಿಂದ ನೇರವಾಗಿ ಚಿಕಿತ್ಸಾಲಯಕ್ಕೆ ಹೋದಳು. ಕತ್ತರಿ ಮೊದಲು ಒಪ್ಪಲಿಲ್ಲ. ಸರ್ವರು ತೋರಿಸಿದ ಲೆಕ್ಕದಲ್ಲಿ ಬರಹಕ್ಕೂ ಮಾತಿಗೂ ಒಂದಕ್ಷರದ ವ್ಯತ್ಯಾಸವೂ ಇರಲಿಲ್ಲ. ಇಷ್ಟು ಚೊಕ್ಕವಾಗಿ ಯಾರ ದನಿಯೂ ಬಂದಿರಲಿಲ್ಲ. ಅವಳು ಅಕ್ಕನ ಹೆಸರಿನ ಕಡತ ತೆರೆದಳು. ಕೊನೆಯ ದಿನದ ಮುದ್ರಣ ಒಂದೇ ಇತ್ತು. ಅದಕ್ಕೂ ಮುಂಚಿನ ದಿನಗಳ ಜಾಗದಲ್ಲಿ ಬರೀ ಖಾಲಿ.

ಆಗ ಇಬ್ಬರಿಗೂ ಹೊಳೆಯಿತು. ಅಕ್ಕ ಆಪರೇಷನ್ ಕೋಣೆಯಲ್ಲಿದ್ದ ದಿನ, ಅವಳಿಗೆ ಎಚ್ಚರವಾಗುವುದರೊಳಗೆ ದನಿ ಸಿದ್ಧವಾಗಿರಲಿ ಎಂಬ ಆಸೆಗೆ, ಕತ್ತರಿ ತನ್ನ ಶುಚಿ ಮಾಡುವ ಪ್ರೋಗ್ರಾಮನ್ನು ಓಡಿಸಿದ್ದ. ಆ ಪ್ರೋಗ್ರಾಮು ಹಾಳೆಯ ವಾಕ್ಯವನ್ನೂ ಆಡಿದ ಮಾತನ್ನೂ ಪಕ್ಕಪಕ್ಕ ಇಟ್ಟು, ಹೊಂದದೆ ಇದ್ದುದನ್ನೆಲ್ಲ ಕಸವೆಂದು ಗುಡಿಸಿಹಾಕುತ್ತಿತ್ತು. ಇಷ್ಟು ವರ್ಷ ಅದರಿಂದ ತೊಂದರೆಯೇ ಆಗಿರಲಿಲ್ಲ. ಕೂತವರೆಲ್ಲ ಹಾಳೆಯಲ್ಲಿದ್ದುದನ್ನೇ ಓದುತ್ತಿದ್ದರು. ಹಾಳೆಯ ಜೊತೆ ಜಗಳಕ್ಕೆ ನಿಂತವಳು ಅಕ್ಕ ಒಬ್ಬಳೇ. ಅವಳ ತುಂಟತನವೆಲ್ಲ ಗುಡಿಸಿಹೋಗಿ, ಗದರಿಸಿಕೊಂಡು ಓದಿದ್ದಷ್ಟೇ ಉಳಿದಿತ್ತು. ಆ ಗಂಟಲು ಈಗ ಇಲ್ಲ. ಮತ್ತೆ ಕೂರಿಸಿ ಓದಿಸೋಣ ಎನ್ನುವಂತಿಲ್ಲ.

ಕತ್ತರಿ ಪರದೆಯ ಹತ್ತಿರಕ್ಕೆ ಬಾಗಿದ. “ಇನ್ನೊಂದು ಕಟ್ಟಡದಲ್ಲಿ ಇರುತ್ತಲ್ಲ? ಎರಡು ಕಡೆ ಇದೆಯಲ್ಲ?”

ಇಲ್ಲವೆಂದು ಗೊತ್ತಿದ್ದೂ ಚಿಲಕ ತೆರೆದು ನೋಡಿದಳು. ಅಲ್ಲಿಯೂ ಕೊನೆಯ ದಿನದ ಮುದ್ರಣ, ಅಲ್ಲಿಯೂ ಅದೇ ಖಾಲಿ. ಕನ್ನಡಿ ತನ್ನ ಕೆಲಸವನ್ನು ಎಳ್ಳಷ್ಟೂ ತಪ್ಪದೆ ಮಾಡಿತ್ತು. ಆ ನಿಷ್ಠೆಯನ್ನು ಕಂಡು ಅವಳಿಗೆ ಅಳು ಬರುವುದರ ಜೊತೆಗೆ ಒಂದು ಬಗೆಯ ನಡುಕವೂ ಬಂತು.

ಉಳಿದದ್ದು ಫೋಟೋಗಳು. ಅಲ್ಲಿಯವರೆಗೆ ಅವಳು ಒಂದನ್ನೂ ಬಿಡಿಸಿ ನೋಡಿರಲಿಲ್ಲ. ದಿನವೂ ಬೆಳಿಗ್ಗೆ ಬಂದ ಕೂಡಲೇ ಎಲ್ಲದರ ಮುಂದೆಯೂ ಹಸಿರು ಚುಕ್ಕೆ ಇದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು, ನಿಜ. ಆದರೆ ಮುಚ್ಚಿದ ಬಾಗಿಲಿನ ಚಿಲಕವನ್ನು ಹೊರಗಿನಿಂದ ಮುಟ್ಟುವುದು ಬೇರೆ, ಒಳಗೆ ಹೋಗಿ ಯಾರಿದ್ದಾರೆಂದು ನೋಡುವುದು ಬೇರೆ. ಒಳಗೆ ಏನೂ ಇಲ್ಲದಿದ್ದರೆ? ಶಸ್ತ್ರಚಿಕಿತ್ಸೆಗೆ ಹಿಂದಿನ ದಿನ ತೆಗೆದ ಫೋಟೋ ಹುಡುಕಿದಳು. ತಿಂಗಳು ಇನ್ನೂ ತುಂಬಿರಲಿಲ್ಲ. ಪಕ್ಕದಲ್ಲಿ ಬೀಗದ ಗುರುತು ಹಾಗೇ ಇತ್ತು. ಇದರಿಂದ ಹೊಸ ಡಿಸ್ಕ್ ಮಾಡು ಎಂದು ಒತ್ತಿದಳು.

ಹಾಗೆ ಒತ್ತಿದಾಗ ನಡೆಯುವುದೇನೆಂದು ಅವಳು ಎಂದೋ ಓದಿದ್ದಳು. ಫೋಟೋ ಎಂದರೆ ದಿನವೂ ಇಡೀ ಡಿಸ್ಕನ್ನು ಮತ್ತೆ ಬರೆದಿಡುವುದಲ್ಲ. ಮೊದಲ ದಿನ ಎಲ್ಲವನ್ನೂ ಬರೆದು, ಆಮೇಲೆ ಆಯಾ ದಿನ ಬದಲಾದದ್ದನ್ನಷ್ಟೇ ಬರೆದಿಡುತ್ತಾರೆ. ಒಂದು ದಿನವನ್ನು ಮರಳಿ ಕೇಳಿದರೆ, ಹಿಂದಿನ ದಿನಗಳಿಂದೆಲ್ಲ ಚೂರು ಚೂರು ಆರಿಸಿ, ಜೋಡಿಸಿ, ಆ ದಿನವನ್ನು ಇದ್ದಂತೆ ನಿಲ್ಲಿಸಬೇಕು. ಓದುವಾಗ ಅದು ಸೊಗಸಾದ ಯುಕ್ತಿ ಅನ್ನಿಸಿತ್ತು. ಈಗ ಪರದೆಯ ಮೇಲೆ ಸಣ್ಣ ಗೆರೆ ತೆವಳುತ್ತಿದ್ದಾಗ, ಎಲ್ಲೋ ಕಾಣದ ಕಟ್ಟಡದಲ್ಲಿ ಕಳೆದುಹೋದ ದಿನಗಳು ಒಂದಕ್ಕೊಂದು ಕೈಚಾಚಿ, ನಿನ್ನ ಹತ್ತಿರ ಇದರ ಚೂರಿದೆಯಾ, ನಿನ್ನ ಹತ್ತಿರ ಇದೆಯಾ ಎಂದು ಕೇಳಿಕೊಳ್ಳುತ್ತಿರುವಂತೆ ಅವಳಿಗೆ ಅನ್ನಿಸಿತು. ಕತ್ತರಿ ಹಿಂದೆ ನಿಂತಿದ್ದ. ಡಾಕ್ಟರಮ್ಮನೂ ಬಂದು ನಿಂತರು. ಕೆಳಗಿನ ಅಂಗಡಿಯಲ್ಲಿ ಯಾರೋ ಕನ್ನಡಕ ಹಾಕಿಕೊಂಡು ಅಕ್ಷರಗಳನ್ನು ಜೋರಾಗಿ ಓದುತ್ತಿರುವುದು ಕೇಳಿಸುತ್ತಿತ್ತು.

ಗೆರೆ ತುಂಬಿತು. ಇವತ್ತಿನ ಡಿಸ್ಕಿನ ಪಕ್ಕದಲ್ಲಿ ಇನ್ನೊಂದು ಡಿಸ್ಕ್ ಮೂಡಿತು. ಮುಗಿದು ಮಣ್ಣಾದ ಒಂದು ಮಂಗಳವಾರ, ಇವತ್ತಿನ ಹೆಗಲಿಗೆ ಹೆಗಲು ಕೊಟ್ಟು ನಿಂತಿತ್ತು. ಎರಡೂ ದಿನ ಒಟ್ಟಿಗೆ ತೆರೆದಿದ್ದವು. ಒಂದರಲ್ಲಿ ಅಕ್ಕನ ಜಾಗ ಖಾಲಿ, ಇನ್ನೊಂದರಲ್ಲಿ ತುಂಬಿತ್ತು. ಚಿಲಕ ಸ್ಪೀಕರು ಹಾಕಿದಳು.

“ಈ ರೂಮಿಗೆ ಕಿಟಕಿನೇ ಇಲ್ಲ, ಪರದೆ ಎಲ್ಲಿಂದ ತರ್ಲಿ? ಕತ್ತರಿಯವ್ರೇ, ನಗಬೇಡಿ, ನಿಮ್ಮ ನಗು ನನ್ನ ಮೈಕಿಗೆ ಬೀಳತ್ತೆ.”

ಅದರ ಹಿಂದೆಯೇ ಆ ನಗು. ಹಜಾರದಲ್ಲಿ ನೆಲ ಒರೆಸುತ್ತಿದ್ದವಳು ಬಾಗಿಲಲ್ಲಿ ಇಣುಕಿ, ಈಜಿನ ಅಮ್ಮ ಬಂದಿದ್ದಾರಾ ಎಂದು ಕೇಳಿದಳು. ಕತ್ತರಿ, “ನಾನು ಕಸ ಅಂತ ಗುಡಿಸಿದ್ದು ಇದನ್ನಾ?” ಎಂದ. ಡಾಕ್ಟರಮ್ಮ ಅವನ ಭುಜ ತಟ್ಟಿದರು. ಅವಳನ್ನು ಗದರಿ ಓದಿಸಿದ್ದು ನಾನೇ ಅಲ್ಲವೇ ಎಂದರು.

ಮುಂದಿನ ಕೆಲಸ ಅಲ್ಲಿ ಯಾರೂ ಹಿಂದೆ ಮಾಡಿದ್ದಾಗಿರಲಿಲ್ಲ. ದನಿ ಕಟ್ಟಬೇಕಾದರೆ ಬರಹ ಮತ್ತು ಮಾತು ಹೊಂದಲೇಬೇಕು. ಅಲ್ಲಿಯವರೆಗೆ ಹಾಳೆಗೆ ಹೊಂದದ ಮಾತನ್ನು ಕತ್ತರಿಸುತ್ತಿದ್ದರು. ಈಗ ಮಾತಿಗೆ ಹೊಂದುವಂತೆ ಹಾಳೆಯನ್ನೇ ತಿದ್ದಲು ಕೂತರು. ಕತ್ತರಿ ಒಂದು ಕಿವಿಗೆ, ಚಿಲಕ ಇನ್ನೊಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಅಕ್ಕ ಆಡಿದ್ದನ್ನೆಲ್ಲ ಆಡಿದಂತೆಯೇ ಬರೆದರು. ಗೊಣಗಿದ್ದು, ಮೂದಲಿಸಿದ್ದು, ಅರ್ಧಕ್ಕೆ ಬಿಟ್ಟು ನಕ್ಕದ್ದು, ಯಾವುದನ್ನೂ ಬಿಡಲಿಲ್ಲ. ಒಂದು ಕಡೆ ಅಕ್ಕ ಓದುವುದನ್ನು ನಿಲ್ಲಿಸಿ, ಹೊರಗೆ ಕೂತಿದ್ದ ತಂಗಿಯ ಬಗ್ಗೆ ಕತ್ತರಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು: ಅಲ್ಲಿ ಕೂತಿದ್ದಾಳಲ್ಲ, ಅವಳ ಹತ್ತಿರ ಇಟ್ಟ ವಸ್ತು ಯಾವತ್ತೂ ಕಳೆದದ್ದಿಲ್ಲ, ಅದಕ್ಕೇ ನನಗೆ ಅಷ್ಟೊಂದು ಹೆದರಿಕೆಯಿಲ್ಲ. ಚಿಲಕ ಅದನ್ನೂ ಅಕ್ಷರ ತಪ್ಪದೆ ಬರೆದಳು. ಬರೆಯುವಾಗ ಪರದೆ ಮಂಜಾಗಿ, ಎರಡು ಸಲ ಒರೆಸಿಕೊಳ್ಳಬೇಕಾಯಿತು. ಮಂಜು ಪರದೆಯ ಮೇಲಿರಲಿಲ್ಲ.

ಹೊಸ ದನಿ ಕೇಳಿದ ದಿನ ಅಕ್ಕ ಹೊಸದಾಗಿ ಏನನ್ನೂ ಬರೆಯಲಿಲ್ಲ, ಮೊದಲು ಬರೆದ ಒಂದೇ ಸಾಲನ್ನು ಮತ್ತೆ ಮತ್ತೆ ಒತ್ತಿ ಕೇಳಿದಳು. ಆಮೇಲೆ ಮೇಲ್ವಿಚಾರಕನಿಗೆ ಅವಳೇ ಫೋನು ಮಾಡಿದಳು. ಫೋನೆತ್ತಿದವನು ಆಪರೇಷನ್ ಮುಂದಕ್ಕೆ ಹೋಯಿತಾ ಎಂದು ಕೇಳಿದನಂತೆ.

ಕೊಳಕ್ಕೆ ಮರಳಿದ ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅಕ್ಕ ಕತ್ತಿಗೆ ತೆಳ್ಳನೆಯ ಬಟ್ಟೆ ಸುತ್ತಿಕೊಂಡು, ನೀರಿನಿಂದ ಒಂದು ಮಾರು ದೂರದಲ್ಲಿ ಕುರ್ಚಿ ಹಾಕಿಸಿ ಕೂತಿದ್ದಳು. ತೊಡೆಯ ಮೇಲೆ ಟ್ಯಾಬು, ಅದಕ್ಕೆ ಜೋಡಿಸಿದ ಸ್ಪೀಕರು ಕಂಬದ ಮೇಲೆ. ಕತ್ತರಿ ಟ್ಯಾಬಿನ ಮೂಲೆಯಲ್ಲಿ ಒಂದು ಹಳದಿ ಗುಂಡಿಯನ್ನು ಹೆಚ್ಚಾಗಿ ಸೇರಿಸಿಕೊಟ್ಟಿದ್ದ. ಒತ್ತಿದರೆ ಅಕ್ಕನ ನಗು ಬರುತ್ತಿತ್ತು. ತಂಗಿ ಎಂದಿನ ಬೆಂಚಿನಲ್ಲಿ, ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ನೀರಿನಲ್ಲಿ ಬ್ಯಾಂಕ್ ಮ್ಯಾನೇಜರು ಕಂಬಿ ಹಿಡಿದು ನಿಂತಿದ್ದರು. ಇಷ್ಟು ವಾರ ಬೇರೆಯವರು ಕಲಿಸಿದರೂ ಅವರು ಅದನ್ನು ಬಿಟ್ಟಿರಲಿಲ್ಲ.

ಅಕ್ಕನ ಬೆರಳು ಓಡಿತು. “ಆ ಕಂಬಿ ಬ್ಯಾಂಕಿನದಲ್ಲ ಸಾರ್, ಯಾರೂ ಕದಿಯಲ್ಲ” ಎಂದು ಸ್ಪೀಕರು ಗುಡುಗಿತು. ನೀರಿನಲ್ಲಿದ್ದವರೆಲ್ಲ ತಟ್ಟನೆ ತಿರುಗಿ ನೋಡಿದರು. ಮ್ಯಾನೇಜರು ತಿರುಗದೆ, ಬೈಗುಳ ಬಂದ ಕಡೆಗೆ ಬೆನ್ನು ಹಾಕಿಯೇ, “ಬಂದ್ರಾ ಮೇಡಂ” ಎಂದರು.

ಚಿಲಕಳ ತೊಡೆಯ ಮೇಲಿದ್ದ ಫೋನು ಅದುರಿತು. ಅವಳು ಎತ್ತಿ ನೋಡಿದಳು. ಒಂದನೆಯ ಕಟ್ಟಡ ಉತ್ತರ ಕೊಡುತ್ತಿಲ್ಲ ಎಂದಿತ್ತು ಸಂದೇಶ. ಆ ಕಟ್ಟಡದ ಕರೆಂಟು ಹೋಗಿದೆ, ಯಾವಾಗ ಬರುವುದೋ ಗೊತ್ತಿಲ್ಲ. ಅಕ್ಕ ಬರೆಯುವ ಒಂದೊಂದು ಮಾತೂ ಅಲ್ಲಿಗೆ ಹೋಗಿ, ಅಲ್ಲಿ ದನಿಯಾಗಿ, ತಿರುಗಿ ಬರಬೇಕು. ಅವಳು ಅಕ್ಕನ ಕಡೆ ನೋಡಿದಳು. ಅಕ್ಕನ ಬೆರಳು ಆಗಲೇ ಮುಂದಿನ ಸಾಲು ಬರೆಯುತ್ತಿತ್ತು. ಓಡಿ ಹೋಗಿ ತಡೆಯಲೇ? ದನಿ ಅರ್ಧಕ್ಕೆ ಸತ್ತುಹೋದರೆ ಅಕ್ಕ ಮತ್ತೆ ಗೋಡೆಯ ಕಡೆ ಹೊರಳುತ್ತಾಳೆ. ಏಳಹೋದಳು, ಆದರೆ ಅಷ್ಟರಲ್ಲಿ ಅಕ್ಕ ಒತ್ತಿಬಿಟ್ಟಿದ್ದಳು.

“ಬಿಡಿ ಸಾರ್. ಬಿಟ್ಟು ನೋಡಿ. ನೀವು ನೀರನ್ನ ಹಿಡ್ಕೋಬೇಕಾಗಿಲ್ಲ, ಅದೇ ನಿಮ್ಮನ್ನ ಹಿಡ್ಕೊಳತ್ತೆ.”

ಒಂದು ಉಸಿರಿನಷ್ಟೂ ತಡವಾಗಲಿಲ್ಲ. ಅದೇ ಒರಟು, ಕೊನೆಯಲ್ಲಿ ಅದೇ ನಗುವಿನ ಸುಳಿ. ಒಂದನೆಯ ಕಟ್ಟಡ ಇಡಿಯಾಗಿ ಕತ್ತಲಲ್ಲಿತ್ತು, ಅಕ್ಕ ಎರಡನೆಯದರಿಂದ ಮಾತಾಡುತ್ತಿದ್ದಳು. ಚಿಲಕ ಎಂದೂ ಕಾಣದ, ಎಂದೂ ಕಾಲಿಡದ ಕಟ್ಟಡ ಅದು. ಒಂದು ಬೆಳಿಗ್ಗೆ ಅವಳು ತಣ್ಣಗಾದ ಕಾಫಿ ಹಿಡಿದು ಹಾಕಿದ ಒಂದು ಪುಟ್ಟ ಗುರುತು ಅಲ್ಲಿ ಇಷ್ಟು ದಿನ ಎಚ್ಚರವಾಗಿ ನಿಂತುಕೊಂಡು, ಬೇಕಾದ ಕ್ಷಣಕ್ಕೆ ಬಾಗಿಲು ತೆರೆದಿತ್ತು. ಅವಳು ಆಕಾಶ ನೋಡಿದಳು. ಅಲ್ಲೇನೂ ಇಲ್ಲವೆಂದು ಗೊತ್ತಿದ್ದೂ ನೋಡಿದಳು.

ನೀರು ಚೆಲ್ಲಿದ ಸದ್ದಾಯಿತು. ಮ್ಯಾನೇಜರ ಎರಡೂ ಕೈ ಕಂಬಿಯ ಮೇಲಿರಲಿಲ್ಲ. ಅವರು ಅಂಗಾತ, 'ಅಯ್ಯೋ, ಅಯ್ಯೋ' ಎನ್ನುತ್ತ, ಮುಳುಗದೆ, ಆಕಾಶ ನೋಡುತ್ತ ತೇಲುತ್ತಿದ್ದರು. ಅಕ್ಕನ ಭುಜಗಳು ಸದ್ದಿಲ್ಲದೆ ಕುಲುಕತೊಡಗಿದವು. ಅವಳು ಹಳದಿ ಗುಂಡಿ ಒತ್ತಿದಳು; ನಗು ದೂರದಿಂದ ಬಂದು, ಅವಳ ಕುಲುಕಾಟದ ಜೊತೆ ಸೇರಿಕೊಂಡು, ನೀರಿನ ಮೇಲೆಲ್ಲ ಹರಡಿತು.

ಆಮೇಲೆ ಅವಳು ಬೆಂಚಿನ ಕಡೆ ತಿರುಗಿದಳು. ತಂಗಿಯ ಮುಖದಲ್ಲಿ ಏನು ಕಂಡಳೋ, ಹುಬ್ಬೇರಿಸಿ ಬರೆದಳು.

“ಏನಾಯ್ತೇ ಚಿಲಕ? ದೆವ್ವ ನೋಡಿದೋಳ ಹಾಗೆ ಕೂತಿದ್ದೀಯ.”

ಚಿಲಕ ಫೋನನ್ನು ಮಗುಚಿ ಬೆಂಚಿನ ಮೇಲಿಟ್ಟಳು. ಏನೂ ಇಲ್ಲ ಎಂದು ತಲೆಯಾಡಿಸಿದಳು. ಕರೆಂಟು ಬಂತೋ ಇಲ್ಲವೋ ಎಂದು ಅವಳು ಮತ್ತೆ ತೆಗೆದು ನೋಡಿದ್ದು ಪಾಠ ಮುಗಿದ ಮೇಲೆಯೇ.